ಮಗು ಎಲ್ಲಿ ತಡವರಿಸುತ್ತಿದೆ? ಸಮನ್ವಯ ಶಿಕ್ಷಣ ತರಗತಿಯೊಳಗೆ ನಡೆಯುವ ಬಗೆ

ಬಾಗೇಪಲ್ಲಿ, ಗುಡಿಬಂಡೆ, ಶ್ರೀನಿವಾಸಪುರ, ಮುಳಬಾಗಿಲು, ಅತ್ತ ಪಾವಗಡ. ಈ ತಾಲ್ಲೂಕುಗಳ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ. ಒಂದನೇ ತರಗತಿಗೆ ಬಂದ ಮಗುವಿಗೆ ಬೆಕ್ಕಿನ ಚಿತ್ರ ತೋರಿಸಿದರೆ ‘ಪಿಲ್ಲಿ’ ಎನ್ನುತ್ತದೆ, ಹಸುವನ್ನು ‘ಆವು’ ಎನ್ನುತ್ತದೆ, ಹಾಲನ್ನು ‘ಪಾಲು’ ಎನ್ನುತ್ತದೆ. ಕನ್ನಡದಲ್ಲಷ್ಟೇ ಉತ್ತರ ನಿರೀಕ್ಷಿಸುವ ತಪಾಸಣಾ ನಮೂನೆಯಲ್ಲಿ ಈ ಮೂರೂ ತಪ್ಪು. ಇಂಥ ತಪ್ಪುಗಳು ಹತ್ತಾದರೆ ಮಗುವಿನ ಹೆಸರಿನ ಮುಂದೆ ‘ಬುದ್ಧಿ ಬೆಳವಣಿಗೆ ಕಡಿಮೆ’ ಎಂಬ ಷರಾ ಬೀಳುತ್ತದೆ. ಅದನ್ನು ಅಳಿಸಲು ವರ್ಷಗಳು ಬೇಕು. ಇದರ ಉಲ್ಟಾ ಕೂಡ ಆಗುತ್ತದೆ: ನಿಜವಾಗಿಯೂ ಕಿವಿ ಕೇಳಿಸದ ಮಗುವನ್ನು ‘ಮನೇಲಿ ತೆಲುಗು, ಅದಕ್ಕೇ ಮಾತು ಬಂದಿಲ್ಲ’ ಎಂದು ಎರಡು ವರ್ಷ ಸುಮ್ಮನೆ ಕೂರಿಸಿರುತ್ತಾರೆ.

ಆದ್ದರಿಂದ ಸಮನ್ವಯ ಶಿಕ್ಷಣದಲ್ಲಿ, ಅಂದರೆ ಅಂಗವೈಕಲ್ಯವಿರುವ ಮಗುವೂ ಎಲ್ಲರ ಜೊತೆ ಸಾಮಾನ್ಯ ತರಗತಿಯಲ್ಲೇ ಕಲಿಯುವ ವ್ಯವಸ್ಥೆಯಲ್ಲಿ, ಮಗುವಿನ ತೊಂದರೆಗೆ ಹೆಸರಿಡುವ ಮೊದಲು ಅದು ಕೆಲಸದ ಯಾವ ಹಂತದಲ್ಲಿ ತಡವರಿಸುತ್ತಿದೆ ಎಂಬುದನ್ನು ಹಿಡಿಯಬೇಕು. ಪಾಠ ಕಣ್ಣು ಕಿವಿಗೆ ತಲುಪುತ್ತಿದೆಯೇ? ತಲುಪಿದ್ದು ಅರ್ಥವಾಗುತ್ತಿದೆಯೇ? ಅರ್ಥವಾದದ್ದನ್ನು ಬರೆದು ಅಥವಾ ಹೇಳಿ ತೋರಿಸಲು ಆಗುತ್ತಿದೆಯೇ? ಇಷ್ಟಕ್ಕೂ ಮೊದಲು, ಮಗು ಆರಾಮವಾಗಿ ತರಗತಿಗೆ ಬಂದು ಕೂರಲು, ಶೌಚಾಲಯಕ್ಕೆ ಹೋಗಿಬರಲು ಆಗುತ್ತಿದೆಯೇ? ಮಾಡಬೇಕಾದ ಏರ್ಪಾಡು ಏನೆಂಬುದು ಈ ನಾಲ್ಕು ಪ್ರಶ್ನೆಗಳ ಉತ್ತರದಿಂದ ಗೊತ್ತಾಗುತ್ತದೆ. ಅಂಗವೈಕಲ್ಯ ಪ್ರಮಾಣಪತ್ರದಲ್ಲಿರುವ ಶೇಕಡಾವಾರಿನಿಂದ ಅದು ಗೊತ್ತಾಗುವುದಿಲ್ಲ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಮೊದಲಿದ್ದ ಏಳು ಬಗೆಯ ಅಂಗವೈಕಲ್ಯಗಳ ಜಾಗದಲ್ಲಿ ಅದು 21 ಬಗೆಗಳನ್ನು ಪಟ್ಟಿ ಮಾಡಿತು. ಆಟಿಸಂ (ಇತರರೊಡನೆ ಬೆರೆಯುವುದು, ಸಂವಹನ ಕಷ್ಟವಾಗುವ ಸ್ಥಿತಿ), ಕಲಿಕಾ ನ್ಯೂನತೆಗಳು (ಬುದ್ಧಿ ಚುರುಕಿದ್ದೂ ಓದು, ಬರಹ, ಲೆಕ್ಕ ಕಷ್ಟವಾಗುವುದು) ಅದರಲ್ಲಿ ಸೇರಿವೆ. ಅದರ 16ನೇ ಸೆಕ್ಷನ್ ಪ್ರಕಾರ ಶಾಲೆ ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು, ಆ ಮಗುವಿಗೆ ಬೇಕಾದ ಹೊಂದಾಣಿಕೆಯನ್ನೂ ಮಾಡಿಕೊಡಬೇಕು. ಮೊದಲನೆಯದು ನಮ್ಮ ಶಾಲೆಗಳಲ್ಲಿ ಬಹುಮಟ್ಟಿಗೆ ನಡೆಯುತ್ತಿದೆ. ಎರಡನೆಯದು ಹಾಜರಿ ಪುಸ್ತಕದಲ್ಲಿ ಕಾಣುವಂಥದ್ದಲ್ಲ, ಹಾಗಾಗಿ ಅದನ್ನು ಯಾರೂ ಕೇಳುವುದೂ ಇಲ್ಲ.

ಮೊದಲು ಕಣ್ಣು, ಕಿವಿ, ಮನೆಮಾತು

ಓದಿನಲ್ಲಿ ಹಿಂದಿರುವ ಯಾವುದೇ ಮಗುವಿಗೆ ಮೊದಲು ಆಗಬೇಕಾದದ್ದು ಈ ಮೂರರ ಪರೀಕ್ಷೆ. ಕಣ್ಣಿಗೆ 6 ಮೀಟರ್ ದೂರದ ಚಾರ್ಟ್ ಸಾಕು. ಒಂದೊಂದೇ ಕಣ್ಣು ಮುಚ್ಚಿ ನೋಡಬೇಕು, ಏಕೆಂದರೆ ಎರಡೂ ತೆರೆದಿದ್ದಾಗ ಒಂದು ಕಣ್ಣಿನ ದೋಷ ಬಚ್ಚಿಟ್ಟುಕೊಳ್ಳುತ್ತದೆ. ಅಕ್ಷರ ಬಾರದ ಮಗುವಿಗೆ ಇಂಗ್ಲಿಷಿನ ‘E’ ಆಕಾರ ಯಾವ ಕಡೆ ತಿರುಗಿದೆ ಎಂದು ಬೆರಳಲ್ಲಿ ತೋರಿಸಲು ಹೇಳುವ ಚಾರ್ಟ್ ಇದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೊಮ್ಮೆ ಶಾಲೆಗೆ, ಎರಡು ಬಾರಿ ಅಂಗನವಾಡಿಗೆ ಬರಬೇಕು. ಅವರು ಬರುವ ದಿನ ಗೈರುಹಾಜರಾದ ಮಕ್ಕಳ ಹೆಸರು ಬರೆದಿಟ್ಟುಕೊಳ್ಳಿ. ಹೆಚ್ಚಾಗಿ ಗೈರಾಗುವವರು ತಪಾಸಣೆ ಬೇಕಾದ ಮಕ್ಕಳೇ.

ಕಿವಿಯ ಮಟ್ಟಿಗೆ, ಸೋರುವ ಕಿವಿಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ನೆಗಡಿಯ ಜೊತೆ ಬಂದು ಹೋಗುವ ಕಿವಿ ಸೋಂಕು ಕೆಲವು ವಾರ ಕೇಳುವಿಕೆಯನ್ನು ತಗ್ಗಿಸುತ್ತದೆ. ಅದು ಮತ್ತೆ ಮತ್ತೆ ಬಂದರೆ ಅಕ್ಷರ ಕಲಿಯುವ ವರ್ಷವೇ ಹಾಳು. ಸೋರುವ ಕಿವಿಗೆ ಬಿಸಿ ಎಣ್ಣೆ ಬಿಡುವ ಅಭ್ಯಾಸ ಇನ್ನೂ ಇದೆ. ತಮಟೆಯಲ್ಲಿ ತೂತಿದ್ದರೆ ಎಣ್ಣೆ ಒಳಗೆ ಹೋಗಿ ಸೋಂಕು ಹೆಚ್ಚಿಸುತ್ತದೆ. ಬೇಡವೇ ಬೇಡ.

ಮನೆಮಾತಿನ ಪರೀಕ್ಷೆಗೆ ಅದೇ ಪ್ರಶ್ನೆಗಳನ್ನು ತೆಲುಗಿನಲ್ಲೋ ಉರ್ದುವಿನಲ್ಲೋ, ಕೆಜಿಎಫ್ ಕಡೆಯಾದರೆ ತಮಿಳಿನಲ್ಲೋ ಕೇಳಿಸಬೇಕು. ಬಿಸಿಯೂಟದ ಅಡುಗೆಯವರು ಆ ಮಾತು ಬಲ್ಲವರಾಗಿದ್ದರೆ ಅವರೇ ಕೇಳಬಹುದು. ಮನೆಮಾತಿನಲ್ಲಿ ಕಥೆ ಹೇಳಬಲ್ಲ, ಎರಡು ಮೂರು ಸೂಚನೆಗಳನ್ನು ಒಟ್ಟಿಗೆ ಪಾಲಿಸಬಲ್ಲ ಮಗುವಿಗೆ ಬೇಕಿರುವುದು ಕನ್ನಡದ ಬಳಕೆ, ಅಷ್ಟೆ. ಮನೆಮಾತಿನಲ್ಲೂ ಆಗದಿದ್ದರೆ ಮಾತ್ರ ಮುಂದಿನ ತಪಾಸಣೆ.

ಓದಲು ಬಾರದ ಜಾಣ ಮಗು

ಕಲಿಕಾ ನ್ಯೂನತೆ ಕಣ್ಣಿಗೆ ಕಾಣದ ತೊಂದರೆ, ಮತ್ತು ಅತಿ ಹೆಚ್ಚು ಏಟು ತಿನ್ನಿಸುವ ತೊಂದರೆ. ಗುರುತಿಸಲು ಸರಳ ದಾರಿಯೊಂದಿದೆ. ಪಾಠದ ಒಂದು ಪ್ಯಾರಾ ಮಗು ತಾನೇ ಓದಿ ಉತ್ತರಿಸಲಿ. ಅಷ್ಟೇ ಕಷ್ಟದ ಇನ್ನೊಂದು ಪ್ಯಾರಾವನ್ನು ನೀವು ಓದಿ ಹೇಳಿ, ಪ್ರಶ್ನೆ ಕೇಳಿ. ಕೇಳಿಸಿಕೊಂಡಾಗ ಉತ್ತರ ಸರಿ, ಓದಿದಾಗ ತಪ್ಪು ಎಂದಾದರೆ ತಡೆ ಇರುವುದು ಅಕ್ಷರದಲ್ಲಿ, ತಿಳಿವಳಿಕೆಯಲ್ಲಿ ಅಲ್ಲ.

ಯಾವುದು ಲಕ್ಷಣವಲ್ಲ ಎಂಬುದೂ ಮುಖ್ಯ. ನಮ್ಮ ಕಡೆಯ ಆಡುಮಾತಿನಲ್ಲಿ ಹಕಾರ ಜಾರುತ್ತದೆ, ಮಹಾಪ್ರಾಣ ಕೇಳಿಸುವುದೇ ಕಡಿಮೆ. ಮಗು ‘ಹಾಲು’ ಬದಲು ‘ಆಲು’, ‘ಭಾರತ’ ಬದಲು ‘ಬಾರತ’ ಎಂದು ಬರೆದರೆ ಅದು ಆಡಿದಂತೆ ಬರೆದಿದೆ, ಅಂದರೆ ಧ್ವನಿಗೂ ಅಕ್ಷರಕ್ಕೂ ಇರುವ ನಂಟು ಅದಕ್ಕೆ ಗೊತ್ತಿದೆ. ಚಿಂತೆ ಮಾಡಬೇಕಾದದ್ದು ಬೇರೆ ಕಡೆ: ಒಂದೇ ಪುಟದಲ್ಲಿ ಒಂದೇ ಅಕ್ಷರವನ್ನು ಎರಡು ಬಗೆಯಲ್ಲಿ ಓದುವುದು, ಕಾಗುಣಿತದ ಚಿಹ್ನೆಗಳನ್ನು ನುಂಗುವುದು, ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸುವುದು. ಕನ್ನಡದಲ್ಲಿ ಬರೆದಂತೆ ಓದುವುದರಿಂದ ಕೆಲವು ಮಕ್ಕಳು ತಪ್ಪಿಲ್ಲದೆ ಓದುತ್ತಾರೆ, ಆದರೆ ಐದನೇ ತರಗತಿಯಲ್ಲೂ ಅಕ್ಷರ ಅಕ್ಷರ ಕೂಡಿಸುತ್ತಾ ತೀರ ನಿಧಾನ. ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಮೊದಲು ಮರೆತಿರುತ್ತದೆ. ಇದೂ ಅದೇ ತೊಂದರೆ. ಬೋರ್ಡಿನಿಂದ ದುಂಡಗೆ ನಕಲು ಮಾಡುವುದನ್ನು ನೋಡಿ ಮೋಸಹೋಗಬೇಡಿ, ಓದಲು ಬಾರದ ಮಗುವೂ ಅಕ್ಷರಗಳನ್ನು ಚಿತ್ರವಾಗಿ ಬಿಡಿಸಬಲ್ಲದು. ‘ಹತ್ತು ಸಲ ಬರೆ’ ಎಂಬ ಶಿಕ್ಷೆಯಿಂದ ಏನೂ ಬಾರದಿರುವುದು ಇದೇ ಕಾರಣಕ್ಕೆ.

ಕನ್ನಡ ಲಿಪಿಯಲ್ಲಿ ಮಕ್ಕಳು ಎಡವುವ ಜಾಗಗಳು ಗೊತ್ತಿರುವಂಥವೇ. ದ, ಧ, ಥ ಒಂದು ಗುಂಪು. ಪ, ಷ, ಫ ಇನ್ನೊಂದು. ಬ, ಭ ಮತ್ತೊಂದು. ನ, ಸ ಕೂಡ ಗೊಂದಲವೇ. ಇವನ್ನು ಒಂದೇ ವಾರದಲ್ಲಿ ಜೊತೆಜೊತೆಗೆ ಕಲಿಸಬಾರದು. ‘ದ’ ಗಟ್ಟಿಯಾದ ಮೇಲೆ ಎರಡು ವಾರ ಬಿಟ್ಟು ‘ಧ’. ಒಂದು ಸಲಕ್ಕೆ ನಾಲ್ಕೈದು ಅಕ್ಷರ ಸಾಕು, ಅಷ್ಟರಿಂದಲೇ ಪದ ಕಟ್ಟಿಸಬೇಕು. ಕಾಗುಣಿತವನ್ನು ‘ಕ ಕಾ ಕಿ ಕೀ’ ಎಂದು ರಾಗವಾಗಿ ಒಪ್ಪಿಸುವ ಮಗು ‘ಕೀಲಿ’ ಓದಲು ತಡವರಿಸುತ್ತದೆ, ಏಕೆಂದರೆ ‘ಕೀ’ ತಲುಪಲು ಅದು ಮೊದಲಿನಿಂದ ಪಠಿಸಬೇಕು. ಒಂದು ಗುಣಿತ ಚಿಹ್ನೆ ಹಿಡಿದು ಹಲವು ವ್ಯಂಜನಗಳ ಮೇಲೆ ಓಡಿಸಿದರೆ (ಕಿ, ಗಿ, ಲಿ, ಮಿ) ಚಿಹ್ನೆ ಸ್ವತಂತ್ರವಾಗಿ ನಿಲ್ಲುತ್ತದೆ.

ಒತ್ತಕ್ಷರ ನಿಜಕ್ಕೂ ಕಡಿದಾದ ದಾರಿ. ‘ಆಸ್ತಿ’ ಪದ ನೋಡಿ. ಗುಡಿಸು ಕೂತಿರುವುದು ಸಕಾರದ ತಲೆಯ ಮೇಲೆ, ಅದರ ಧ್ವನಿ ಬರುವುದು ಕೆಳಗಿನ ತಕಾರದ ನಂತರ. ಮಗು ಕಣ್ಣಿಗೆ ಕಂಡಂತೆ ‘ಆಸಿತ’ ಎಂದು ಓದುತ್ತದೆ. ‘ವರ್ಷ’ದಲ್ಲಿ ಇನ್ನೂ ತೊಡಕು, ಮೊದಲು ಕೇಳುವ ರಕಾರವನ್ನು ಅರ್ಕಾವತ್ತಾಗಿ ಕೊನೆಗೆ ಬರೆಯುತ್ತೇವೆ. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಸಜಾತೀಯ ಒತ್ತು (ಅಕ್ಕ, ಅಜ್ಜಿ, ಹಳ್ಳಿ), ಆಮೇಲೆ ಗುಣಿತವಿಲ್ಲದ ವಿಜಾತೀಯ ಒತ್ತು (ಪುಸ್ತಕ), ನಂತರ ಗುಣಿತವಿರುವುದು (ಆಸ್ತಿ, ಮುಷ್ಟಿ), ಕೊನೆಗೆ ಅರ್ಕಾವತ್ತು. ಗುಣಿತ ಚಿಹ್ನೆ ಮತ್ತು ಅದರ ಒಡೆಯನಾದ ಒತ್ತಕ್ಷರ ಎರಡನ್ನೂ ಒಂದೇ ಬಣ್ಣದ ಪೆನ್ಸಿಲ್‌ನಲ್ಲಿ ಗುರುತು ಮಾಡಿದರೆ ಬಹಳಷ್ಟು ಮಕ್ಕಳಿಗೆ ಗಂಟು ಬಿಚ್ಚುತ್ತದೆ. ಉದ್ದ ಪದಗಳನ್ನು ಪೆನ್ಸಿಲ್ ಗೆರೆಯಿಂದ ಕ/ಲ್ಲಂ/ಗ/ಡಿ ಎಂದು ಬಿಡಿಸಿಕೊಡಿ. ದಿನಕ್ಕೆ 20 ನಿಮಿಷ, ವಾರಕ್ಕೆ ಐದು ದಿನ. ಶನಿವಾರ ಎರಡು ಗಂಟೆ ಕೂರಿಸುವುದು ಇದಕ್ಕೆ ಸಮವಲ್ಲ.

ಉಳಿದ ವಿಷಯಗಳು ಈ ಓದಿಗಾಗಿ ಕಾಯಬಾರದು. ವಿಜ್ಞಾನ, ಸಮಾಜ ಪಾಠಗಳನ್ನು ಓದಿ ಹೇಳಿ, ಉತ್ತರವನ್ನು ಬಾಯಲ್ಲಿ ಪಡೆಯಿರಿ, ಮಗ್ಗಿ ಪಟ್ಟಿ ಕಣ್ಣೆದುರು ಇರಲಿ. ಕಲಿಕಾ ನ್ಯೂನತೆಯ ಪ್ರಮಾಣೀಕರಣ ಸಾಮಾನ್ಯವಾಗಿ 8 ವರ್ಷ ತುಂಬಿದ ಮೇಲೆ ಶುರು. ನೆರವಿಗೆ ಅಂಥ ಗಡಿ ಇಲ್ಲ, ಎರಡನೇ ತರಗತಿಯಲ್ಲೇ ಶುರುಮಾಡಬಹುದು.

ಕಿವಿ ಕೇಳದ ಮಗು

ಶ್ರವಣ ಸಾಧನ ಕೊಟ್ಟ ದಿನ ಫೋಟೊ ತೆಗೆಯುತ್ತಾರೆ, ಮೂರು ತಿಂಗಳಲ್ಲಿ ಅದು ಟ್ರಂಕಿನಲ್ಲಿರುತ್ತದೆ. ಕಾರಣಗಳು ಸಾಮಾನ್ಯವಾಗಿ ಮೂರು. ಒಂದು, ಸಾಧನವನ್ನು ಕಿವಿಯೊಳಗೆ ಕೂರಿಸುವ ಅಚ್ಚು. ಮಗು ಬೆಳೆದಂತೆ ಕಿವಿಯೂ ಬೆಳೆಯುತ್ತದೆ, ಅಚ್ಚು ಸಡಿಲವಾಗಿ ಸಾಧನ ‘ಕೀಂ’ ಎನ್ನುತ್ತದೆ. ಪಕ್ಕದ ಮಕ್ಕಳು ನಗುತ್ತಾರೆ, ಮಗು ಕಿತ್ತಿಡುತ್ತದೆ. ಚಿಕ್ಕ ಮಕ್ಕಳಿಗೆ ಕೆಲವೇ ತಿಂಗಳಿಗೊಮ್ಮೆ ಹೊಸ ಅಚ್ಚು ಬೇಕಾಗುತ್ತದೆ. ಎರಡು, ಬ್ಯಾಟರಿ. ಜಿಂಕ್-ಏರ್ ಗುಂಡಿ ಬ್ಯಾಟರಿಯ ಸ್ಟಿಕರ್ ಕಿತ್ತ ಕ್ಷಣದಿಂದ ಅದು ಖರ್ಚಾಗುತ್ತದೆ, ಮತ್ತೆ ಅಂಟಿಸಿದರೂ ಪ್ರಯೋಜನವಿಲ್ಲ. ಕಿತ್ತ ಮೇಲೆ ಒಂದು ನಿಮಿಷ ಗಾಳಿಯಲ್ಲಿಟ್ಟು ನಂತರ ಹಾಕಬೇಕು, ಇಲ್ಲವಾದರೆ ಬಾಳಿಕೆ ತಗ್ಗುತ್ತದೆ. ರಾತ್ರಿ ಬ್ಯಾಟರಿ ಬಾಗಿಲು ತೆರೆದಿಡಬೇಕು. ಮೂರು, ಬೆವರು ಮತ್ತು ಕುಗ್ಗೆ. ಅಚ್ಚನ್ನು ಸಾಧನದಿಂದ ಬಿಡಿಸಿ ಉಗುರುಬೆಚ್ಚಗಿನ ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಸಾಧನಕ್ಕೆ ನೀರು ತಾಗಬಾರದು. ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ ಶಿಕ್ಷಕರು ಬೆನ್ನ ಹಿಂದೆ ನಿಂತು ‘ಆ, ಈ, ಊ, ಸ್, ಶ್, ಮ್’ ಎಂದು ಹೇಳಿ, ಮಗುವಿನಿಂದ ತಿರುಗಿ ಹೇಳಿಸಿ ನೋಡಿದರೆ ಸಾಧನ ಕೆಲಸ ಮಾಡುತ್ತಿದೆಯೇ ಎಂದು ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ಸಾಧನ ಹಾಕಿದರೂ ದೂರ ಮತ್ತು ಗದ್ದಲ ಶತ್ರುಗಳೇ. ದೂರ ಎರಡರಷ್ಟಾದಾಗ ದನಿ ಸುಮಾರು 6 ಡೆಸಿಬಲ್ ಕುಗ್ಗುತ್ತದೆ, ತಗಡಿನ ಚಾವಣಿಯ ಮೇಲೆ ಮಳೆ ಬಿದ್ದರೆ ಪಾಠ ಮುಗಿದಂತೆಯೇ. ಮೊದಲ ಅಥವಾ ಎರಡನೇ ಸಾಲು, ಸ್ವಲ್ಪ ಬದಿಗೆ, ಇಡೀ ತರಗತಿಯ ಮುಖಗಳೂ ಕಾಣುವಂತೆ ಕೂರಿಸಿ. ಕಿಟಕಿಯ ಬೆಳಕು ಶಿಕ್ಷಕರ ಮುಖದ ಮೇಲೆ ಬೀಳಬೇಕು, ಬೆನ್ನ ಮೇಲಲ್ಲ. ಬೋರ್ಡಿಗೆ ಮುಖಮಾಡಿ ಬರೆಯುತ್ತಾ ಮಾತಾಡಬಾರದು. ತುಟಿ ನೋಡಿದರೆ ಎಲ್ಲ ತಿಳಿಯುತ್ತದೆ ಎಂಬುದು ತಪ್ಪು: ಪ, ಬ, ಮ ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚುತ್ತದೆ, ಕ, ಗ ತುಟಿಯಲ್ಲಿ ಕಾಣುವುದೇ ಇಲ್ಲ. ಹೊಸ ಪದಗಳನ್ನು ಪಾಠಕ್ಕೆ ಮೊದಲೇ ಬೋರ್ಡಿನ ಮೂಲೆಯಲ್ಲಿ ಬರೆದಿಡಿ.

ಸಂಜ್ಞಾ ಭಾಷೆ ಕಲಿಸಿದರೆ ಮಾತು ಬರುವುದಿಲ್ಲ ಎಂದು ಹೆದರುವ ತಂದೆತಾಯಿ ಇದ್ದಾರೆ. ಯಾವ ಭಾಷೆಯೂ ಇಲ್ಲದೆ ಐದಾರು ವರ್ಷ ಕಳೆಯುವುದೇ ಹೆಚ್ಚು ಅಪಾಯ. ದೆಹಲಿಯಲ್ಲಿ 2015ರಲ್ಲಿ ಶುರುವಾದ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ನಿಘಂಟಿನಲ್ಲಿ 10,000 ಪದಗಳ ವಿಡಿಯೊ ಇವೆ, ಮೊಬೈಲಿನಲ್ಲಿ ಉಚಿತವಾಗಿ ನೋಡಬಹುದು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಕೇಳುವಿಕೆ, ಮಾತು ಎರಡರ ತಪಾಸಣೆಗೂ ಇದೆ.

ಕಣ್ಣು ಮಂಜಾದ, ಕಣ್ಣು ಕಾಣದ ಮಗು

ಮಂದ ದೃಷ್ಟಿಯ ಮಗುವಿಗೆ ಅಕ್ಷರದ ಗಾತ್ರವನ್ನು ದೊಡ್ಡ ಅಕ್ಷರ ನೋಡಿ ನಿರ್ಧರಿಸಬಾರದು. ಕನ್ನಡದಲ್ಲಿ ಒತ್ತಕ್ಷರ ಮೇಲಿನ ಅಕ್ಷರಕ್ಕಿಂತ ಬಹಳ ಚಿಕ್ಕದು. 18 ಪಾಯಿಂಟಿನಲ್ಲಿ ‘ಮನೆ’ ಓದುವ ಮಗುವಿಗೆ ‘ರಾಷ್ಟ್ರ’ ಓದಲು 24 ಬೇಕಾಗಬಹುದು. ಸಾಲುಗಳ ನಡುವಿನ ಅಂತರವೂ ಹೆಚ್ಚಬೇಕು. ಝೆರಾಕ್ಸಿನಲ್ಲಿ ಹಿಗ್ಗಿಸುವಾಗ ಮಸುಕಾದ ಪ್ರತಿಯನ್ನು ಹಿಗ್ಗಿಸಿದರೆ ಮಸುಕೂ ಹಿಗ್ಗುತ್ತದೆ. ಇದಕ್ಕಿಂತ ಮೊದಲು ಬೋರ್ಡಿಗೆ ಕಪ್ಪು ಬಣ್ಣ ಹೊಡೆಸಿ. ಬೂದು ಬಣ್ಣಕ್ಕೆ ತಿರುಗಿದ ಬೋರ್ಡಿನ ಮೇಲಿನ ಬರಹ ಒಳ್ಳೆಯ ಕಣ್ಣಿಗೂ ಕಷ್ಟ.

ಬ್ರೈಲ್‌ನಲ್ಲಿ ಕನ್ನಡ ಆರು ಚುಕ್ಕೆಗಳ ಭಾರತಿ ಬ್ರೈಲ್ ಪದ್ಧತಿಯಲ್ಲಿದೆ. ‘ಕ’ಗೆ 1, 3ನೇ ಚುಕ್ಕೆ, ‘ಮ’ಗೆ 1, 3, 4, ‘ಲ’ಗೆ 1, 2, 3. ಈ ಮೂರನ್ನು ಸಾಲಾಗಿಟ್ಟರೆ ‘ಕಮಲ’. ಗುಣಿತ ಚಿಹ್ನೆ ಮೇಲೆ ಕೆಳಗೆ ಹೋಗದೆ ವ್ಯಂಜನದ ನಂತರ ಸ್ವರವಾಗಿಯೇ ಬರುತ್ತದೆ. ಒತ್ತಕ್ಷರಕ್ಕೆ 4ನೇ ಚುಕ್ಕೆಯ ಹಲಂತ (ಸ್ವರ ತೆಗೆಯುವ ಚಿಹ್ನೆ) ಮೊದಲು, ಆಮೇಲೆ ಎರಡು ವ್ಯಂಜನಗಳು. ಕ್ಷ, ಜ್ಞಗಳಿಗೆ ಸ್ವಂತ ಅಕ್ಷರಗಳೇ ಇವೆ. ಅಂದರೆ ‘ಆಸ್ತಿ’ಯ ಗೊಂದಲ ಬ್ರೈಲ್‌ನಲ್ಲಿ ಇಲ್ಲ! ತೊಡಕಿರುವುದು ಬರವಣಿಗೆಯಲ್ಲಿ: ಸ್ಲೇಟಿನಲ್ಲಿ ಕಾಗದದ ಹಿಂಬದಿಯಿಂದ ಚುಚ್ಚುವುದರಿಂದ ಬಲದಿಂದ ಎಡಕ್ಕೆ, ಕನ್ನಡಿಯಂತೆ ತಿರುಗಿಸಿ ಬರೆಯಬೇಕು. ಓದು ಗಟ್ಟಿಯಾಗುವ ಮೊದಲೇ ಸ್ಲೇಟ್ ಕೊಟ್ಟರೆ ಮಗು ಎರಡನ್ನೂ ಕಲಸಿಕೊಳ್ಳುತ್ತದೆ. ಬೆರಳಿನ ಸೂಕ್ಷ್ಮಕ್ಕೆ ಮನೆಯಲ್ಲೇ ತಯಾರಿ ಮಾಡಬಹುದು: ಅವರೆ, ಹುರುಳಿ, ಹೆಸರು, ರಾಗಿ ಬೆರೆಸಿಟ್ಟು ಮುಟ್ಟಿ ಬೇರ್ಪಡಿಸಲಿ.

ಹೈಸ್ಕೂಲಿಗೆ ಬಂದ ಮೇಲೆ ಕಂಪ್ಯೂಟರಿನಲ್ಲಿ ಎನ್‌ವಿಡಿಎ, ಮೊಬೈಲಿನಲ್ಲಿ ಟಾಕ್‌ಬ್ಯಾಕ್ ಕನ್ನಡವನ್ನು ಓದಿ ಹೇಳುತ್ತವೆ. ಎರಡೂ ಉಚಿತ. ಕೆಲಸ ಕೆಡುವುದು ಫಾಂಟಿನಿಂದ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪು ಮಾಡಿದ್ದು ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಪ್ರಶ್ನೆಪತ್ರಿಕೆ, ನೋಟ್ಸ್ ಟೈಪಿಸುವಾಗ ಯೂನಿಕೋಡ್ ಆಯ್ಕೆ ಮಾಡಿ. ಹಳೆಯದನ್ನು ಪರಿವರ್ತಕದಲ್ಲಿ ಹಾಕಿದರೆ ಅರ್ಕಾವತ್ತು, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ತಿದ್ದಿ.

ಮೆಟ್ಟಿಲು, ಕುರ್ಚಿ, ಶೌಚಾಲಯ

ಇಳಿಜಾರಿನ ಲೆಕ್ಕ 1:12. ನೆಲದಿಂದ ಜಗಲಿ 45 ಸೆಂಟಿಮೀಟರ್ ಎತ್ತರವಿದ್ದರೆ ಇಳಿಜಾರು 5.4 ಮೀಟರ್ ಉದ್ದವಿರಬೇಕು. ಜಾಗವಿಲ್ಲವೆಂದು 2 ಮೀಟರಿಗೆ ಮುಗಿಸಿದರೆ ಗಾಲಿಕುರ್ಚಿ ಹಿಂದಕ್ಕೆ ಮಗುಚುತ್ತದೆ. ಜಾಗ ಸಾಲದಿದ್ದರೆ ನಡುವೆ 1.5 ಮೀಟರ್ ಚೌಕದ ತಂಗುದಾಣ ಕೊಟ್ಟು ತಿರುಗಿಸಿ. ನುಣ್ಣನೆ ಟೈಲ್ಸ್ ಬೇಡ. ಬಾಗಿಲು 90 ಸೆಂಟಿಮೀಟರ್. ಶೌಚಾಲಯದ ಬಾಗಿಲು ಹೊರಕ್ಕೆ ತೆರೆಯಬೇಕು, ಒಳಗೆ ಮಗು ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ತೆಗೆಯಲು ಆಗದು. ಕಟ್ಟಿಸಿದ ವಿಶೇಷ ಶೌಚಾಲಯಕ್ಕೆ ಬೀಗ ಹಾಕಿ ಪೊರಕೆ, ಹಳೆ ಬೆಂಚು ತುಂಬಿದ್ದರೆ ಅದನ್ನು ಇವತ್ತೇ ಖಾಲಿ ಮಾಡಿಸಿ. ಹೋಗಲು ಆಗದ ಹೆಣ್ಣುಮಕ್ಕಳು ಬೆಳಗಿನಿಂದ ನೀರು ಕುಡಿಯುವುದನ್ನೇ ಬಿಡುತ್ತಾರೆ, ಮೂತ್ರದ ಸೋಂಕಾಗಿ ವಾರಗಟ್ಟಲೆ ಗೈರಾಗುತ್ತಾರೆ. ಫ್ಲೋರೈಡ್ ನೀರಿನ ಹಳ್ಳಿಗಳಲ್ಲಿ ಮೊಣಕಾಲು ಬಾಗಿದ ಮಕ್ಕಳಿಗೂ ಕುಕ್ಕರುಗಾಲಲ್ಲಿ ಕೂರುವುದು ನೋವು. ಅವರಿಗೂ ಕಮೋಡ್ ಬೇಕು.

ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಮೈಕೈ ಮೇಲಿನ ಹಿಡಿತ ತಪ್ಪುವ ಸ್ಥಿತಿ) ಇರುವ ಮಗುವಿಗೆ ಕೂತಾಗ ಸೊಂಟ, ಮಂಡಿ, ಪಾದದ ಕೀಲು ಮೂರೂ 90 ಡಿಗ್ರಿಯಲ್ಲಿರಬೇಕು, ಪಾದ ಗಾಳಿಯಲ್ಲಿ ತೂಗಬಾರದು. ಕಾಲ ಕೆಳಗೆ ಹಲಗೆ ಇಟ್ಟ ಕೂಡಲೇ ಕೈಬರಹ ಸುಧಾರಿಸುವುದುಂಟು, ಏಕೆಂದರೆ ಬೀಳದಂತೆ ಹಿಡಿದುಕೊಳ್ಳಲು ಖರ್ಚಾಗುತ್ತಿದ್ದ ಶಕ್ತಿ ಕೈಗೆ ಸಿಗುತ್ತದೆ. ಪೆನ್ಸಿಲ್‌ಗೆ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿ, ಹಾಳೆಯನ್ನು ಮೇಜಿಗೆ ಅಂಟಿಸಿ. ಊಟದಲ್ಲಿ ಒಂದು ಎಚ್ಚರ: ನುಂಗಲು ಕಷ್ಟಪಡುವ ಮಗುವಿಗೆ ಮುದ್ದೆಯನ್ನು ತುತ್ತು ಮಾಡಿ ನುಂಗಿಸಬೇಡಿ, ಉಸಿರುಗಟ್ಟುವ ಅಪಾಯವಿದೆ. ನೆಟ್ಟಗೆ ಕೂರಿಸಿ, ಗದ್ದ ಕೊಂಚ ತಗ್ಗಿಸಿ, ಮೆತ್ತಗೆ ಕಲಸಿದ್ದನ್ನು ಚಿಕ್ಕ ಚಮಚದಲ್ಲಿ ಕೊಡಿ.

ಬೌದ್ಧಿಕ ಬೆಳವಣಿಗೆ ನಿಧಾನವಿರುವ ಮಗುವಿನ ವೈಯಕ್ತಿಕ ಶಿಕ್ಷಣ ಯೋಜನೆಯಲ್ಲಿ ‘ಗಣಿತದಲ್ಲಿ ಸುಧಾರಿಸುವುದು’ ಎಂದು ಬರೆದರೆ ಅದು ಯಾವತ್ತೂ ಮುಗಿಯದ ಗುರಿ. ‘10 ರೂಪಾಯಿ ಕೊಟ್ಟು 7 ರೂಪಾಯಿಯ ಪೆನ್ಸಿಲ್ ಕೊಂಡು, ಉಳಿದ ಚಿಲ್ಲರೆಯನ್ನು 5ರಲ್ಲಿ 4 ಸಲ ಸರಿಯಾಗಿ ಎಣಿಸುವುದು’ ಎಂದು ಬರೆದರೆ ಮೂರು ತಿಂಗಳಲ್ಲಿ ಆಯಿತೋ ಇಲ್ಲವೋ ಗೊತ್ತಾಗುತ್ತದೆ. ಆಟಿಸಂ ಇರುವ ಮಗುವಿಗೆ ದಿನದ ಕ್ರಮವನ್ನು ಚಿತ್ರಗಳಲ್ಲಿ ಗೋಡೆಗೆ ಅಂಟಿಸಿ, ಬದಲಾವಣೆ ಇದ್ದರೆ ಬೆಳಿಗ್ಗೆಯೇ ತೋರಿಸಿ. ಗಂಟೆ ಬಾರಿಸುವ ಜಾಗದಿಂದ ದೂರ ಕೂರಿಸಿ.

ಕಾಗದಪತ್ರ ಮತ್ತು ಪರೀಕ್ಷೆ

ಯುಡಿಐಡಿ ಕಾರ್ಡಿಗೆ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅರ್ಜಿ ಹಾಕಿಸುತ್ತಾರೆ. ಅಂಗವೈಕಲ್ಯ ಶೇ. 40 ಮತ್ತು ಮೇಲ್ಪಟ್ಟಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಅದು ಹತ್ತಿರದ ಶಾಲೆಯಲ್ಲೂ ಆಗಬಹುದು, ಬಯಸಿದರೆ ವಿಶೇಷ ಶಾಲೆಯಲ್ಲೂ ಆಗಬಹುದು. ಸಾಧನ, ಸಾರಿಗೆ ಮತ್ತು ಬೆಂಗಾವಲು ಭತ್ಯೆ, ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ 10 ತಿಂಗಳ ಪ್ರೋತ್ಸಾಹಧನ ಸಮಗ್ರ ಶಿಕ್ಷಣ ಯೋಜನೆಯ ಮೂಲಕ ಬರುತ್ತವೆ. ಇವನ್ನು ವಿಚಾರಿಸಬೇಕಾದದ್ದು ಬಿಆರ್‌ಸಿಯಲ್ಲಿರುವ (ತಾಲ್ಲೂಕಿನ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿ (ಸಮನ್ವಯ ಶಿಕ್ಷಣದ ಸಂಪನ್ಮೂಲ) ಶಿಕ್ಷಕರ ಬಳಿ. ತುಮಕೂರು ಜಿಲ್ಲೆಯವರು ನೆನಪಿಡಿ: ಮಧುಗಿರಿ, ಕೊರಟಗೆರೆ, ಪಾವಗಡ, ಶಿರಾ ತಾಲ್ಲೂಕುಗಳು ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರುತ್ತವೆ, ತುಮಕೂರಿನ ಕಚೇರಿಗೆ ಅಲೆಯಬೇಕಿಲ್ಲ.

ಪ್ರಾಥಮಿಕದಲ್ಲಿ ಅಂಗವೈಕಲ್ಯವಿರುವ 10 ಮಕ್ಕಳಿಗೆ, ಮುಂದಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು, ಕೇಂದ್ರ 2022ರಲ್ಲಿ ಅಧಿಸೂಚನೆ ಹೊರಡಿಸಿತು. ಒಬ್ಬ ಬಿಐಇಆರ್‌ಟಿ ಇಡೀ ತಾಲ್ಲೂಕು ಸುತ್ತುವ ಕಡೆ ಈ ಅನುಪಾತ ಇನ್ನೂ ದೂರ. ಅದಕ್ಕೇ ತರಗತಿ ಶಿಕ್ಷಕರ ದಿನದ 20 ನಿಮಿಷಕ್ಕೆ ಅಷ್ಟು ಬೆಲೆ. ತೀವ್ರ ಅಥವಾ ಬಹುವಿಧ ಅಂಗವೈಕಲ್ಯದ ಮಗುವಿಗೆ ಗೃಹಾಧಾರಿತ ಶಿಕ್ಷಣದ ಆಯ್ಕೆ ಇದೆ. ಅದು ಕುಟುಂಬದ ಆಯ್ಕೆ. ನೋಡಿಕೊಳ್ಳಲು ಕಷ್ಟವೆಂದು ಶಾಲೆಯೇ ಮನೆಗೆ ಕಳಿಸುವ ದಾರಿ ಅದಲ್ಲ.

ಎಸ್ಸೆಸ್ಸೆಲ್ಸಿಗೆ ಹೆಚ್ಚುವರಿ ಸಮಯ, ಲಿಪಿಕಾರ (ಮಗು ಹೇಳಿದ್ದನ್ನು ಬರೆಯುವವರು), ಭಾಷಾ ವಿನಾಯಿತಿ ಬೇಕಿದ್ದರೆ ವೈದ್ಯಕೀಯ ಪ್ರಮಾಣಪತ್ರದೊಂದಿಗೆ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ಅರ್ಜಿ ಹೋಗಬೇಕು. ಪ್ರವೇಶಪತ್ರ ಬಂದ ಮೇಲೆ ಓಡಾಡಿದರೆ ತಡ, ಒಂಬತ್ತನೇ ತರಗತಿಯಲ್ಲೇ ಕಾಗದ ಸಿದ್ಧವಿರಲಿ. 2018ರ ರಾಷ್ಟ್ರೀಯ ಮಾರ್ಗಸೂಚಿಯ ಲೆಕ್ಕ ಗಂಟೆಗೆ ಕನಿಷ್ಠ 20 ನಿಮಿಷ, ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಆ ಒಂದು ಗಂಟೆ ಬಳಸುವುದನ್ನೂ ಕಲಿಯಬೇಕು. ಎಂಟನೇ ತರಗತಿಯ ಎಫ್‌ಎ (ರೂಪಣಾತ್ಮಕ), ಎಸ್‌ಎ (ಸಂಕಲನಾತ್ಮಕ) ಪರೀಕ್ಷೆಗಳಿಂದಲೇ ಅದನ್ನು ಕೊಡಿ. ಲಿಪಿಕಾರನ ಜೊತೆ ಕನಿಷ್ಠ ನಾಲ್ಕೈದು ಪೂರ್ಣ ಪತ್ರಿಕೆ ಅಭ್ಯಾಸವಾಗಲಿ: ಪ್ರಶ್ನೆಯನ್ನು ಎಷ್ಟು ನಿಧಾನ ಓದಬೇಕು, ಲೆಕ್ಕದ ಹಂತಗಳನ್ನು ಹೇಗೆ ಹೇಳಬೇಕು, ಚಿತ್ರವನ್ನು ಮಾತಲ್ಲಿ ಹೇಗೆ ಬಿಡಿಸಬೇಕು, ಬರೆದದ್ದನ್ನು ಹಿಂದಿರುಗಿ ಓದಿಸಿಕೊಳ್ಳುವುದು ಯಾವಾಗ. ತೆಲುಗು ಮನೆಮಾತಿನ ಮಗುವಿಗೆ ಅದರ ಉಚ್ಚಾರಣೆ ಹಿಡಿಯಬಲ್ಲ ಲಿಪಿಕಾರನೇ ಬೇಕು.

ಭಾಷಾ ವಿನಾಯಿತಿಯನ್ನು ಮಾತ್ರ ಯೋಚಿಸಿ ಕೇಳಿ. ಇಂಗ್ಲಿಷ್ ಕೈಬಿಟ್ಟರೆ ಆಗ ಹಗುರ, ಮುಂದೆ ಸೇರಬೇಕೆಂದಿರುವ ಕೋರ್ಸಿಗೆ ಅದು ಬೇಕಾದರೆ ಬಾಗಿಲು ಮುಚ್ಚುತ್ತದೆ. ಆ ಕೋರ್ಸಿನ ಪ್ರವೇಶ ನಿಯಮ ನೋಡಿಯೇ ಸಹಿ ಹಾಕಿ. ಮಂಡಳಿಯ ಅನುಮತಿ ಪತ್ರದ ಪ್ರತಿಯನ್ನು ಯುಡಿಐಡಿ ಕಾರ್ಡಿನ ಜೊತೆಗಿಟ್ಟುಕೊಳ್ಳಿ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 40 ಮತ್ತು ಮೇಲ್ಪಟ್ಟವರಿಗೆ ಕನಿಷ್ಠ ಶೇ. 5 ಸೀಟು, ವಯೋಮಿತಿಯಲ್ಲಿ 5 ವರ್ಷ ಸಡಿಲಿಕೆ ಇದೆ. ಪಿಯುಸಿಯಲ್ಲೂ ಡಿಗ್ರಿಯಲ್ಲೂ ಅದೇ ಸೌಲಭ್ಯಕ್ಕೆ ಹೊಸದಾಗಿ ಅರ್ಜಿ ಹಾಕುವಾಗ ಹಿಂದೆ ಕೊಟ್ಟದ್ದಕ್ಕೆ ಆ ಪತ್ರವೇ ದಾಖಲೆ.